ಹಾಲು ಕಾಯುವಷ್ಟು ಹೊತ್ತು

ಈ ತಿಂಗಳು ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಊರು ಬೇರೆ, ವಯಸ್ಸು ಬೇರೆ, ಆದರೆ ಹೆಚ್ಚಿನವರ ಮಾತು ಒಂದೇ. ಶುರು ಮಾಡಿದೆ, ಬಿಟ್ಟುಹೋಯಿತು, ಈಗ ದೇವರ ಮುಂದೆ ಕೂರಲು ನಾಚಿಕೆ. ನಾನು ದೇವಶಾಸ್ತ್ರ ಓದಿದವಳಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮಂಗಳೂರಿನ ಒಂದು ಹೆಂಚಿನ ಮನೆಯಲ್ಲಿ, ಅಜ್ಜಿಯ ಪಕ್ಕದಲ್ಲಿ ಕೂತು ಪ್ರಾರ್ಥನೆ ಕಲಿತೆ. ಅಲ್ಲಿಂದ ಇಲ್ಲಿವರೆಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ಒಂದು ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸಬೇಕು ಅಂತ ಜನವರಿ 1ಕ್ಕೆ ಶುರು ಮಾಡಿದೆ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡೆ. ಆದಿಕಾಂಡ, ವಿಮೋಚನಕಾಂಡ ಚೆನ್ನಾಗಿ ಹೋಯಿತು. ಯಾಜಕಕಾಂಡದ 13ನೇ ಅಧ್ಯಾಯಕ್ಕೆ ಬಂದಾಗ ಮಗನಿಗೆ ಜ್ವರ, ಆಫೀಸಿನಲ್ಲಿ ವಿಪರೀತ ಕೆಲಸ. ಅಲ್ಲಿಗೆ ನಿಂತಿತು. ಈಗ 41 ದಿನ ಬಾಕಿ ಅಂತ ಆ್ಯಪ್ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಅದನ್ನು ನೋಡಿ ನೋಡಿ ಬೈಬಲ್ ಮುಟ್ಟುವುದನ್ನೇ ಬಿಟ್ಟಿದ್ದೇನೆ. ಈ ಬಾಕಿ ಹೇಗೆ ತೀರಿಸಲಿ? (ಬೆಂಗಳೂರಿನ ಓದುಗಿ)

ಉತ್ತರ: ತೀರಿಸಬೇಡ, ತಂಗಿ.

ಸುಮ್ನೆ ಲೆಕ್ಕ ಹಾಕಿ ನೋಡು. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷಕ್ಕೆ ಮುಗಿಯಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. 41 ದಿನದ ಬಾಕಿ ಅಂದರೆ ಹತ್ತಿರ ಹತ್ತಿರ 130 ಅಧ್ಯಾಯ. ರಜೆ ಹಾಕಿ ಕೂತು ಓದಿದರೆ ಕಣ್ಣು ಮುಗಿಸೀತು. ಮನಸ್ಸಿಗೆ ಏನು ಇಳಿಯುತ್ತದೆ?

ಜನವರಿಯಲ್ಲಿ ನೀನೇ ಓದಿದ ವಿಮೋಚನಕಾಂಡದ 16ನೇ ಅಧ್ಯಾಯವನ್ನು ನೆನಪು ಮಾಡಿಕೋ. ಅರಣ್ಯದಲ್ಲಿ ಇಸ್ರಾಯೇಲ್ ಜನರಿಗೆ ದೇವರು ಮನ್ನ ಅನ್ನುವ ಆಹಾರ ಕೊಟ್ಟರು. ಆಯಾ ದಿನದ್ದನ್ನು ಆಯಾ ದಿನವೇ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಅಂತ ಎತ್ತಿಟ್ಟವರದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡು ದಿನದ್ದು. ಈ ಭಾಗ ಓದುವಾಗ ನಾವು ಎತ್ತಿಡಬಾರದು ಅನ್ನುವ ಪಾಠವನ್ನಷ್ಟೇ ಕಲಿಯುತ್ತೇವೆ. ನಾನು ಅದರಲ್ಲಿ ಇನ್ನೊಂದನ್ನೂ ನೋಡುತ್ತೇನೆ. ನಿನ್ನೆ ಡೇರೆಯಿಂದ ಹೊರಗೆ ಬಾರದವನು ಇವತ್ತು ಎರಡು ಪಾಲು ಕೂಡಿಸಬೇಕು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಅವನಿಗೂ ಇವತ್ತಿನದು ಇವತ್ತು ನೆಲದ ಮೇಲೆ ಬಿದ್ದಿರುತ್ತಿತ್ತು. ಯೇಸು ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಅದೇ: "ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು." ಈಹೊತ್ತು ಅನ್ನುವ ಆ ಒಂದು ಮಾತಿನ ಮೇಲೆ ಬೆರಳಿಟ್ಟು ಓದು.

ನಿನ್ನ ಸ್ಥಿತಿ ನನಗೆ ಗೊತ್ತು. 1994ರಲ್ಲಿ ನನ್ನ ಶಾಲೆ ಮನೆಯಿಂದ 22 ಕಿಲೋಮೀಟರ್ ದೂರ. ಮೊದಲ ಬಸ್ಸು 6:40ಕ್ಕೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಮದುವೆಗೆ ಮುಂಚೆ ದಿನಾ ಬೆಳಗ್ಗೆ ಒಂದು ಗಂಟೆ ಪ್ರಾರ್ಥನೆಗೆ ಕೂರುತ್ತಿದ್ದೆ. ಅದನ್ನೇ ಮುಂದುವರಿಸಬೇಕೆಂದು ಹಟ. ಒಂದು ದಿನ ತಪ್ಪಿದರೆ ಮರುದಿನ ಎರಡು ಗಂಟೆ ಕೂರುತ್ತೇನೆ ಅಂದುಕೊಳ್ಳುತ್ತಿದ್ದೆ. ಅದೂ ಆಗುತ್ತಿರಲಿಲ್ಲ. ಹಾಗೇ ಎಂಟು ತಿಂಗಳು ಕಳೆಯಿತು. ಭಾನುವಾರ ಚರ್ಚಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಒಳಗೆ ಒಣಗಿದ್ದು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಒಂದು ಬೆಳಗ್ಗೆ ಹಾಲಿನ ಪಾತ್ರೆಯ ಮುಂದೆ ನಿಂತಿದ್ದೆ. ಹಾಲು ಒಲೆಗೆ ಇಟ್ಟ ಮೇಲೆ ಅಲ್ಲಿಂದ ಕದಲುವ ಹಾಗಿಲ್ಲ, ಅಲ್ವಾ? ಐದಾರು ನಿಮಿಷ ಹೇಗಿದ್ದರೂ ನಿಲ್ಲಲೇಬೇಕು. ದಿನಾ ನಿಲ್ಲುತ್ತಿದ್ದೆ, ಗೋಡೆ ನೋಡಿಕೊಂಡು. ಆ ಸಂಜೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬೈಬಲಿನ 23ನೇ ಕೀರ್ತನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅನ್ನದ ಅಗುಳು ಹಚ್ಚಿ ಒಲೆಯ ಪಕ್ಕದ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಮರುದಿನ ಮೊದಲ ವಚನ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಅಷ್ಟೇ. ಮೆಲ್ಲಗೆ ಓದಿದೆ. ಇನ್ನೊಮ್ಮೆ ಓದಿದೆ. ಹಾಲಿನ ಮೇಲೆ ಕೆನೆ ಕಟ್ಟಿತು, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು, ಕೆನೆ ನಡುವೆ ಉಬ್ಬಿ ಮೇಲಕ್ಕೆ ಬಂತು. ಉರಿ ತಗ್ಗಿಸಿ "ಸ್ತೋತ್ರ ಸ್ವಾಮಿ" ಅಂದೆ. ಕೊರತೆಪಡೆನು ಅನ್ನುವ ಮಾತು ಬಸ್ಸಿನಲ್ಲೂ ನನ್ನ ಜೊತೆ ಬಂತು.

ಆ ಕೀರ್ತನೆಗೆ ಆರೇ ವಚನ. ಆರು ಬೆಳಗ್ಗೆ. ಭಾನುವಾರ ಪೂರ್ತಿ. ಆಮೇಲೆ 103ನೇದು ಅಂಟಿಸಿದೆ, 22 ವಚನ, ಮೂರು ವಾರಕ್ಕಿಂತ ಜಾಸ್ತಿ ಬಂತು. ಆವಿ ತಾಗಿ ತಾಗಿ ಹಾಳೆ ಮೆತ್ತಗಾಯಿತು. ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಅರಿಶಿನದ ಗುರುತು. ಆ ಹಾಳೆಗಳು ಈಗಲೂ ನನ್ನ ಬೈಬಲಿನೊಳಗೆ ಇವೆ. ಎರಡು ವರ್ಷದಲ್ಲಿ ನನಗೆ ಬಾಯಿಪಾಠವಾದಷ್ಟು ಕೀರ್ತನೆಗಳು ಹಿಂದಿನ ಒಂದು ಗಂಟೆಯ ಕಾಲದಲ್ಲಿ ಆಗಿರಲಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ಅಜ್ಜಿ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಒಂದು ಬದಿಯಲ್ಲಿ ಹೊಗೆಸೊಪ್ಪಿನ ಪುಡಿ. ಎಲೆ ಎತ್ತಿ, ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತುವುದು. ಕೈ ನೋಡುತ್ತಲೇ ಇರಲಿಲ್ಲ. 25 ಬೀಡಿಗೆ ಒಂದು ಕಟ್ಟು. ಒಂದು ಕಟ್ಟು ಆದಾಗಲೆಲ್ಲ ಅಜ್ಜಿ ಒಂದು ವಚನ ಹೇಳುತ್ತಿದ್ದರು, ಇಡೀ ದಿನ ಅದೇ ವಚನ. ಅಕ್ಷರ ಕೂಡಿಸಿ ಓದುವುದು ಅವರಿಗೆ ಕಷ್ಟ. ಅದಕ್ಕೆ ಹಿಂದಿನ ರಾತ್ರಿ ಅಮ್ಮ ಓದಿ ಹೇಳಿಕೊಡುತ್ತಿದ್ದರು. ಸಂಜೆ ಬೀಡಿ ಬ್ರಾಂಚಿಗೆ ಕೊಡಲು ಹೋಗುವಾಗ ನಾನೂ ಹೋಗುತ್ತಿದ್ದೆ. ದಾರಿಯಲ್ಲಿ ಆ ವಚನವನ್ನು ನನ್ನ ಬಾಯಲ್ಲಿ ಹೇಳಿಸುತ್ತಿದ್ದರು. ಅವರ ಬೆರಳಿಗೆ ಎಲೆಯ ವಾಸನೆ. ಇವತ್ತಿಗೂ 121ನೇ ಕೀರ್ತನೆ ಓದಿದರೆ ನನಗೆ ಆ ವಾಸನೆ ಬರುತ್ತದೆ.

ದಿನಕ್ಕೆ ಒಂದು ವಚನ ಸಾಕಾ ಅಂತ ನಿನಗೆ ಅನಿಸಬಹುದು. ಜರ್ಮನಿಯ ಹೆರ್ನ್‌ಹುಟ್ ಅನ್ನುವ ಪುಟ್ಟ ಊರಲ್ಲಿ 1728ರಲ್ಲಿ ಮೊರೇವಿಯನ್ ಸಭೆ ಅನ್ನುವ ಕ್ರೈಸ್ತ ಪಂಗಡದವರು ದಿನಕ್ಕೊಂದು ವಚನವನ್ನು ಮನೆಮನೆಗೆ ತಲುಪಿಸಲು ಶುರು ಮಾಡಿದರು. 1731ರಿಂದ ಅದು ಅಚ್ಚಾಗುತ್ತಿದೆ, ಇಂದಿಗೂ ನಿಂತಿಲ್ಲ. ಸುಮಾರು 300 ವರ್ಷ ಜನರನ್ನು ಉಣಿಸಿದ್ದು ಅಷ್ಟು ಸಣ್ಣ ತುತ್ತು.

ಈಗ ನಿನ್ನ ವಿಷಯ. ಆ ಕೆಂಪು ಅಕ್ಷರದ ಆ್ಯಪ್ ತೆಗೆದುಬಿಡು. ನೀನು ದಿನಾ ತಪ್ಪದೆ ಮಾಡುವ ಒಂದು ಕೆಲಸ ಹುಡುಕು. ಮಗನ ಡಬ್ಬಿ ಕಟ್ಟುವುದೋ, ಆಫೀಸ್ ಕ್ಯಾಬಿಗೆ ಕಾಯುವುದೋ. ಅದಕ್ಕೆ ಈ ಓದನ್ನು ಗಂಟು ಹಾಕು. ಮಾರ್ಕನ ಸುವಾರ್ತೆಯಿಂದ ಶುರು ಮಾಡು. ಅದರಲ್ಲಿ 16 ಅಧ್ಯಾಯ ಅಷ್ಟೇ, ಕಥೆ ಬೇಗ ಬೇಗ ಸಾಗುತ್ತದೆ. ದಿನಕ್ಕೆ ಒಂದು ಪ್ಯಾರಾ. ತಪ್ಪಿದರೆ ಮರುದಿನ ನಿಂತ ಜಾಗದಿಂದಲೇ ಮುಂದೆ. ಲೆಕ್ಕವೇ ಬೇಡ ಅನ್ನುವವರಿಗೆ ಜ್ಞಾನೋಕ್ತಿಗಳು ಒಳ್ಳೆಯದು. ಅದರಲ್ಲಿ 31 ಅಧ್ಯಾಯ. ಇವತ್ತು ತಾರೀಖು 14 ಆದರೆ 14ನೇ ಅಧ್ಯಾಯ ತೆರೆ, ಮುಗಿಯಿತು. ಅಲ್ಲಿ ಬಾಕಿ ಬೀಳಲು ದಾರಿಯೇ ಇಲ್ಲ.

ಒಂದೇ ಅಭ್ಯಾಸ ಸಾಕು ಈಗ. ಡೈರಿ, ಉಪವಾಸ, ಮಧ್ಯರಾತ್ರಿಯ ಪ್ರಾರ್ಥನೆ ಯಾವುದನ್ನೂ ಜೊತೆಗೆ ಸೇರಿಸಬೇಡ. ಯಾಜಕಕಾಂಡವನ್ನು ಬೈಯಲೂ ಬೇಡ. ಮುಂದೊಂದು ದಿನ ಬಲ್ಲವರ ಜೊತೆ ಕೂತು ಓದು. ಕ್ರಿಸ್ತನ ಬಲಿಯ ಅರ್ಥ ಅಲ್ಲಿಂದ ಎಷ್ಟು ತಿಳಿಯುತ್ತದೆ ಅಂತ ಆಗ ನೋಡುವೆಯಂತೆ.

ಪ್ರಶ್ನೆ: ಟೀಚರ್, 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಬರುತ್ತದೆ ಅಂತ ಕೇಳಿದ್ದೆ. ಲೆಂಟ್ ಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಶುರುವಾದಾಗಿನಿಂದ ಹಾಸ್ಟೆಲಿನಲ್ಲಿ ದಿನಾ ಹತ್ತು ನಿಮಿಷ ಪ್ರಾರ್ಥಿಸುತ್ತಿದ್ದೇನೆ. 21 ದಿನ ದಾಟಿತು. ಇನ್ನೂ ಬಲವಂತವಾಗಿಯೇ ಎಬ್ಬಿಸಿಕೊಳ್ಳಬೇಕು. ನನ್ನೊಳಗೆ ಏನೂ ಬೆಳೆದ ಹಾಗೆ ಕಾಣುವುದಿಲ್ಲ. (ವಿದ್ಯಾರ್ಥಿ, ಮೈಸೂರು)

ಉತ್ತರ: ಮಗಾ, ಆ 21ನ್ನು ಬಿಡು. ಲಂಡನ್ನಿನಲ್ಲಿ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ ಒಂದು ಅಧ್ಯಯನ ಮಾಡಿದ್ದರು. 2010ರಲ್ಲಿ ಅಚ್ಚಾಯಿತು. ಒಂದು ಹೊಸ ಕೆಲಸ ತನ್ನಷ್ಟಕ್ಕೆ ಬರುವ ಹಾಗಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರದು 12 ವಾರದಲ್ಲಿ ಮುಗಿಯದೆ ಅಂದಾಜಿನ ಲೆಕ್ಕ 254ಕ್ಕೆ ಹೋಯಿತು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಬಂತು, ವ್ಯಾಯಾಮ ತಡವಾಯಿತು. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟ ಆಗಲಿಲ್ಲ. ನಿನಗೆ ಬೇಕಾದ ಸಮಾಧಾನ ಅದರಲ್ಲೇ ಇದೆ.

ಬೆಳೆದದ್ದು ಕಾಣುವುದಿಲ್ಲ ಅಂದೆ. ಮಾರ್ಕನ 4ನೇ ಅಧ್ಯಾಯದಲ್ಲಿ ಒಂದು ಪುಟ್ಟ ಸಾಮ್ಯ, ಅಂದರೆ ಹೋಲಿಕೆಯ ಕಥೆ, ಇದೆ. ಬೇರೆ ಮೂರು ಸುವಾರ್ತೆಗಳಲ್ಲೂ ಅದು ಇಲ್ಲ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಅದು ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ಕಾಳು. ನಮ್ಮ ಕಡೆ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟ ಮೇಲೆ ಕೆಲವು ದಿನ ಹಳದಿಯಾಗಿ, ಸತ್ತೇ ಹೋಯಿತೇನೋ ಅನ್ನುವ ಹಾಗೆ ನಿಂತಿರುತ್ತದೆ. ಬೇರು ಹಿಡಿಯುತ್ತಿರುವ ಹೊತ್ತು ಅದು. ಬೇರು ನೋಡುತ್ತೇನೆ ಅಂತ ಕಿತ್ತರೆ ಮುಗಿಯಿತು. ನಿನ್ನೊಳಗೆ ನೀನೇ ಇಣುಕಿ ನೋಡಬೇಡ. ಆರು ತಿಂಗಳಾದ ಮೇಲೆ ನಿನ್ನ ರೂಮ್‌ಮೇಟನ್ನು ಕೇಳು, "ನನ್ನ ಸಿಟ್ಟು ಏನಾದರೂ ಕಮ್ಮಿಯಾಗಿದೆಯಾ?" ಅಂತ. ಅವನಿಗೆ ಗೊತ್ತಿರುತ್ತದೆ.

ಪ್ರಶ್ನೆ: ನಾನು ಕುವೈತಿನಲ್ಲಿ ನರ್ಸ್. ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ, ಸಂಜೆ 7ರಿಂದ ಬೆಳಗ್ಗೆ 7. ರೂಮಿನಲ್ಲಿ ನಾಲ್ಕು ಜನ. ಪ್ರಸಂಗ ಮಾಡುವವರೆಲ್ಲ "ಬೆಳಗ್ಗೆ ಬೇಗ ಎದ್ದು ದೇವರನ್ನು ಹುಡುಕಿರಿ" ಅನ್ನುತ್ತಾರೆ. ನನಗೆ ಬೆಳಗ್ಗೆ ಅನ್ನುವುದೇ ಇಲ್ಲ. ನಾನು ಏನು ಮಾಡಲಿ ಆಂಟಿ? (ಉಡುಪಿ ಕಡೆಯ ಓದುಗಿ)

ಉತ್ತರ: ಮಗಳೇ, ನಿನ್ನ ಪತ್ರ ಓದಿದ ತಕ್ಷಣ 134ನೇ ಕೀರ್ತನೆ ತೆರೆದೆ. ಯಾತ್ರಾಗೀತೆಗಳಲ್ಲಿ ಕೊನೆಯದು, ಮೂರೇ ವಚನ. ಅದು ಯಾರಿಗೆ ಗೊತ್ತಾ? ರಾತ್ರಿ ಹೊತ್ತು ದೇವರ ಆಲಯದಲ್ಲಿ ನಿಂತು ಸೇವೆ ಮಾಡುವವರಿಗೆ. ಅಂದರೆ ಆಗಲೂ ರಾತ್ರಿ ಪಾಳಿ ಇತ್ತು. ಅವರಿಗೋಸ್ಕರ ಒಂದು ಹಾಡೂ ಇತ್ತು.

ಯೇಸು ಸ್ವಾಮಿ ಮುಂಜಾನೆ ಎದ್ದು ಪ್ರಾರ್ಥಿಸಿದ್ದು ಮಾರ್ಕನ 1ನೇ ಅಧ್ಯಾಯದಲ್ಲಿದೆ, ನಿಜ. ಹನ್ನೆರಡು ಜನ ಶಿಷ್ಯರನ್ನು ಆರಿಸುವ ಮುಂಚೆ ಬೆಟ್ಟದಲ್ಲಿ ಇಡೀ ರಾತ್ರಿ ಪ್ರಾರ್ಥಿಸಿದ್ದು ಲೂಕನ 6ನೇ ಅಧ್ಯಾಯದಲ್ಲಿದೆ. ಇನ್ನೂ ಒಂದು ನೋಡು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದಿನ ಹೇಗೆ ಎಣಿಸಿದ್ದಾರೆ? "ಸಾಯಂಕಾಲವೂ ಪ್ರಾತಃಕಾಲವೂ ಆಗಿ ಮೊದಲನೆಯ ದಿನವಾಯಿತು." ಸಾಯಂಕಾಲ ಮೊದಲು. ನೀನು ಸಂಜೆ 7ಕ್ಕೆ ಯೂನಿಫಾರಂ ಹಾಕಿ ಹೊರಟಾಗ ಸತ್ಯವೇದದ ಲೆಕ್ಕದಲ್ಲಿ ದಿನ ಆಗ ತಾನೇ ಶುರುವಾಗಿರುತ್ತದೆ. ನಿನ್ನ ಪ್ರಾರ್ಥನೆ ತಡವಾಗಿಲ್ಲ, ಎಲ್ಲರಿಗಿಂತ ಮುಂಚೆ.

ಕೈ ತೊಳೆಯುವುದು ನಿನ್ನ ಹಾಲಿನ ಪಾತ್ರೆ. ಸೋಪು ಹಚ್ಚಿ 40ರಿಂದ 60 ಸೆಕೆಂಡ್ ತೊಳೆಯಬೇಕು ಅಂತ ನಿಮಗೆ ಕಲಿಸಿರುತ್ತಾರಲ್ಲ? ಯೇಸು ಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಮೆಲ್ಲಗೆ ಹೇಳಿದರೆ ಅಷ್ಟರಲ್ಲಿ ಮುಗಿಯುತ್ತದೆ. ಪಾಳಿಯ ಶುರುವಿನಲ್ಲಿ ಒಂದು ಸಲ, ನಡುರಾತ್ರಿ ಚಹಾ ಕುಡಿಯುವ ಮುಂಚೆ ಒಂದು ಸಲ, ಕೊನೆಗೆ ಒಂದು ಸಲ. ಆದಿ ಸಭೆಯವರ ದಿದಾಖೆ ಅನ್ನುವ ಪುಟ್ಟ ಕೈಪಿಡಿಯಲ್ಲಿ ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಅಂತಲೇ ಇದೆ. ಬೇರೆ ಕೈ ತೊಳೆಯುವಾಗ, ಮುಂದೆ ಯಾರ ಹಾಸಿಗೆಗೆ ಹೋಗುತ್ತಿದ್ದೀಯೋ ಅವರ ಹೆಸರನ್ನು ದೇವರಿಗೆ ಹೇಳು. ಹೆಸರು ಸಾಕು. ಅವರು ಯಾವ ಧರ್ಮದವರೇ ಇರಲಿ. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ, ನಿನ್ನ ಕೈ ಮೆತ್ತಗಿದ್ದರೆ ಅವರಿಗೆ ತಿಳಿಯುತ್ತದೆ.

ಬೆಳಗ್ಗೆ ರೂಮಿಗೆ ಬಂದ ಮೇಲೆ ಮಲಗು. ನಿದ್ದೆ ಬಿಟ್ಟು ಬೈಬಲ್ ಓದಬೇಡ. ನಿನ್ನ ಕೈಯಲ್ಲಿ ಇನ್ನೊಬ್ಬರ ಔಷಧಿ ಇರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ರಾತ್ರಿ 9ಕ್ಕೆ ಕುಟುಂಬ ಪ್ರಾರ್ಥನೆ. ನಮ್ಮ ತಂದೆಯವರ ಕಾಲದಿಂದ ಬಂದದ್ದು, 40 ನಿಮಿಷ. ಮಗಳಿಗೆ 14, ಮಗನಿಗೆ 9. ಒಬ್ಬಳು ಮುಖ ಸಿಂಡರಿಸುತ್ತಾಳೆ, ಒಬ್ಬ ತೂಕಡಿಸುತ್ತಾನೆ. ಬೈದು ಬೈದು ಸಾಕಾಗಿದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ತಮ್ಮಾ, ನಮ್ಮ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಂಗಳೂರಲ್ಲಿ ಬಾಸೆಲ್ ಮಿಶನಿನವರು 1865ರಲ್ಲಿ ಹೆಂಚು ಸುಡಲು ಶುರು ಮಾಡಿದ ಮೇಲೆ ನಮ್ಮಂಥ ಎಷ್ಟೋ ಮನೆಗಳ ಅನ್ನ ಆ ಕೆಂಪು ಮಣ್ಣಿನಿಂದಲೇ ಬಂದದ್ದು. ದಿನವಿಡೀ ದುಡಿದು ಬಂದರೂ ಅಪ್ಪ ರಾತ್ರಿ ಪ್ರಾರ್ಥನೆ ಬಿಡುತ್ತಿರಲಿಲ್ಲ. ನಾವು ನಾಲ್ಕು ಮಕ್ಕಳು ನೆಲದ ಮೇಲೆ ಮೊಣಕಾಲೂರಿ, ಬೆಂಚಿಗೆ ಎದೆ ಆನಿಸಿ ಕೂರಬೇಕು. ಸಭೆ, ಅಯ್ಯನವರು, ರೋಗಿಗಳು, ದೇಶ, ಮಳೆ ಎಲ್ಲವೂ ಅಪ್ಪನ ಪ್ರಾರ್ಥನೆಯಲ್ಲಿ ಬರುತ್ತಿತ್ತು. ಒಂದು ರಾತ್ರಿ ನನ್ನ ತಮ್ಮ ಹಾಗೇ ನಿದ್ದೆಗೆ ಜಾರಿದ. ಹಣೆ ಬೆಂಚಿನ ಅಂಚಿಗೆ ಬಡಿದು ರಕ್ತ ಬಂತು. ಅಮ್ಮ ಅರಿಶಿನ ಒತ್ತಿದರು. ಅಪ್ಪ ಅವನನ್ನು ಎತ್ತಿಕೊಂಡು "ತಪ್ಪಾಯ್ತು ಮಗಾ" ಅಂದರು. ಅಪ್ಪ ತಪ್ಪಾಯ್ತು ಅಂದದ್ದು ನಾನು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಒಂದು ಹಾಡಿನ ಒಂದು ಚರಣ, ಆರು ವಚನ, ಆಮೇಲೆ ಒಬ್ಬೊಬ್ಬರೂ ಆ ದಿನ ದೇವರಿಗೆ ಸ್ತೋತ್ರ ಹೇಳಬೇಕಾದ ಒಂದು ವಿಷಯ. ತಮ್ಮ ದಿನಾ ಮೀನಿನ ಸಾರಿಗೆ ಸ್ತೋತ್ರ ಹೇಳುತ್ತಿದ್ದ. ಅಪ್ಪ ಒಮ್ಮೆಯೂ ತಿದ್ದಲಿಲ್ಲ. ಕರ್ತನ ಪ್ರಾರ್ಥನೆ, ಮುಗಿಯಿತು. ಹತ್ತು ನಿಮಿಷ ಆಗುತ್ತಿತ್ತೋ ಏನೋ.

ಅಪ್ಪ ಉದ್ದದ ಪ್ರಾರ್ಥನೆಯನ್ನು ಬಿಡಲಿಲ್ಲ. ನಾವು ಮಲಗಿದ ಮೇಲೆ ಮಾಡುತ್ತಿದ್ದರು. ನಮ್ಮ ಕೋಣೆಗೂ ಹೊರಗಿನ ಕೋಣೆಗೂ ನಡುವೆ ಹಲಗೆಯ ಗೋಡೆ. ಕತ್ತಲಲ್ಲಿ ಅವರ ಸಣ್ಣ ದನಿ ಕೇಳಿಸುತ್ತಿತ್ತು. ಮೊದಲು ಅಣ್ಣನ ಹೆಸರು, ಆಮೇಲೆ ನನ್ನ ಹೆಸರು. ನನ್ನ ಹೆಸರು ಬರುವವರೆಗೆ ನಿದ್ದೆ ತಡೆದುಕೊಂಡು ಕಾಯುತ್ತಿದ್ದೆ. ನಾನು ಪ್ರಾರ್ಥನೆಯನ್ನು ನಂಬಿದ್ದು ಆ ಹಲಗೆಯ ಹಿಂದೆ.

ನೀವೂ 40 ನಿಮಿಷವನ್ನು ಎಂಟಕ್ಕೆ ಇಳಿಸಿ. ಊಟವಾದ ಮೇಲೆ ಬೇಡ, ಊಟಕ್ಕೆ ಮುಂಚೆ ಮಾಡಿ, ಆಗ ಯಾರೂ ತೂಕಡಿಸುವುದಿಲ್ಲ. ಓದುವುದು ಮಗಳಿಗೆ ಬಿಡಿ, ಯಾವ ಭಾಗ ಅಂತಲೂ ಅವಳೇ ಆರಿಸಲಿ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಮಕ್ಕಳಿಗೆ ದೇವರ ಮಾತು ಯಾವಾಗ ಹೇಳಬೇಕು ಅಂತ ಇದೆ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಮಗನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತೀರಲ್ಲ, ಆ ದಾರಿಯೂ ಲೆಕ್ಕಕ್ಕಿದೆ. ಉಳಿದ ಅರ್ಧ ಗಂಟೆ ಅವರ ಹೆಸರು ಹಿಡಿದು ನೀವೇ ಪ್ರಾರ್ಥಿಸಿ. ಬಾಗಿಲು ಸ್ವಲ್ಪ ತೆರೆದಿರಲಿ.

ಪ್ರಶ್ನೆ: ನನಗೆ 74 ವರ್ಷ. ನವೆಂಬರಿನಲ್ಲಿ ನನ್ನ ಮನೆಯವರು ತೀರಿಕೊಂಡರು. 44 ವರ್ಷ ರಾತ್ರಿ ಇಬ್ಬರೂ ಕೂತು ಪ್ರಾರ್ಥಿಸಿದ್ದೇವೆ. ಯಾವಾಗಲೂ ಅವಳು ಶುರು ಮಾಡುವುದು, ನಾನು ಮುಗಿಸುವುದು. ಈಗ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಬಾಯಿ ಬರುವುದಿಲ್ಲ. ಇದು ಅವಿಶ್ವಾಸವೇ? (ಹಿರಿಯ ಓದುಗರು, ಕೊಳ್ಳೇಗಾಲ)

ಉತ್ತರ: ಅಲ್ಲ ಅಣ್ಣಾ.

ನನ್ನ ಯಜಮಾನರು ಹೋಗಿ ಆರು ವರ್ಷವಾಯಿತು. ಮೊದಲ ನಾಲ್ಕು ತಿಂಗಳು ನನಗೂ ಬಾಯಿ ಬರಲಿಲ್ಲ. ಆಗ 88ನೇ ಕೀರ್ತನೆ ಓದಿದೆ. ಅದನ್ನು ಬರೆದವನು ಕೊನೆಯವರೆಗೂ ಅಳುತ್ತಾನೆ. ಕತ್ತಲೆ ಅನ್ನುವ ಮಾತಿಗೇ ಕೀರ್ತನೆ ಮುಗಿಯುತ್ತದೆ. ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದು ಸತ್ಯವೇದದಲ್ಲಿದೆ, ಯಾರೂ ತೆಗೆದುಹಾಕಲಿಲ್ಲ. ನೀವು ಅದೇ ಹೊತ್ತಿಗೆ ಅದೇ ಕುರ್ಚಿಗೆ ಬಂದು ಕೂರುತ್ತಿದ್ದೀರಲ್ಲ, ಅದನ್ನು ದೇವರು ನೋಡುತ್ತಿದ್ದಾರೆ.

ಅವರ ಬೈಬಲ್ ಮನೆಯಲ್ಲೇ ಇದೆಯಲ್ಲ? ಓದುವ ಅಭ್ಯಾಸ ಇದ್ದವರು ಎಲ್ಲಾದರೂ ಒಂದು ಗೆರೆ ಎಳೆದಿರುತ್ತಾರೆ. ನಮ್ಮವರು ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿದ್ದರು. ಅದನ್ನು ನಾನು ಕಂಡದ್ದು ಅವರು ಹೋದ ಮೇಲೆ. ಇವತ್ತು ರಾತ್ರಿ ಅವರ ಬೈಬಲ್ ತೆರೆಯಿರಿ. ಗೆರೆ ಎಳೆದ ಒಂದು ವಚನವನ್ನು ಕೇಳಿಸುವ ಹಾಗೆ ಓದಿ. ಅದು ಅವರು ಶುರು ಮಾಡಿದ್ದು ಅಂದುಕೊಳ್ಳಿ. ನೀವು ಮುಗಿಸುವವರು, ಆಮೆನ್ ಅನ್ನಿ. ಅದಕ್ಕಿಂತ ಜಾಸ್ತಿ ಏನೂ ಬೇಡ. ನಾಳೆ ಇನ್ನೊಂದು ಗೆರೆ.

ಮೊದಲು ಸಿಕ್ಕ ವಚನ ಯಾವುದು ಅಂತ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಈ ವಾರ ನನ್ನ ಒಲೆಯ ಪಕ್ಕದ ಬಾಗಿಲು ಖಾಲಿ ಇದೆ, ಅದನ್ನೇ ಬರೆದು ಅಂಟಿಸಿಕೊಳ್ಳುತ್ತೇನೆ.